ಶಾಲೆ ಮುಗೀತು, ಇನ್ನು ಎಲ್ಲಿಗೆ? ಖಾನಾಪುರ ರೋಡಿನಲ್ಲಿ ಸಿಕ್ಕ ಒಂದು ಪ್ರಶ್ನೆ

ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಮಾತ್ರ ತಿದ್ದಲಾಗಿದೆ.

ಇವತ್ತಿನ ಸಂಚಿಕೆಯನ್ನ ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ. ಹೋದ ವರ್ಷ ದೀಪಾವಳಿ ಹೊತ್ತಿಗೆ ನಮ್ಮ ಕಾಕು ಫೋನ್ ಮಾಡಿದ್ದರು. ಕಾಕು ಅಂದರೆ ಚಿಕ್ಕಪ್ಪನ ಹೆಂಡತಿ, ಬೆಳಗಾವಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಬೀಡಿ ಹತ್ತಿರದ ಒಂದು ಹಳ್ಳಿ ಅವರದು. ಹಬ್ಬದ ಮಾತೆಲ್ಲ ಮುಗಿದ ಮೇಲೆ ಅವರು ಅಂದದ್ದು ಇಷ್ಟು:

"ತಮ್ಮಾ, ಸಾಲಿ ಇರೂತನಕಾ ಚಲೋ ಇತ್ತು ನೋಡಪಾ. ಮುಂಜಾನೆ ಎದ್ದು, ತಾನ ಜಳಕಾ ಮಾಡಿ, ಚೀಲಾ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂದರ್ತಿದ್ದ. ಈಗ ಹನ್ನೊಂದಕ್ಕ ಏಳ್ತಾನ. ಎದ್ದರ ಹೋಗೂದರ ಎಲ್ಲಿಗೆ?"

ಅವರು ಹೇಳ್ತಿದ್ದದ್ದು ಮಗನ ಬಗ್ಗೆ. ನನಗೆ ತಮ್ಮ ಆಗಬೇಕು. ವಯಸ್ಸು 26. ಬೌದ್ಧಿಕ ಅಸಾಮರ್ಥ್ಯ ಅಂತ ಅವನ ಕಾರ್ಡಿನಲ್ಲಿ ಬರೆದಿದೆ. ಅವನ ಹೆಸರು ಹೇಳಲಾ ಅಂತ ಅವನನ್ನೇ ಕೇಳಿದೆ, "ಬ್ಯಾಡ" ಅಂದ. ಹಾಗಾಗಿ ಹೇಳೋದಿಲ್ಲ.

ಅವನು ಊರ ಹತ್ತಿರದ ಒಂದು ಸಾಮಾನ್ಯ ಪ್ರೌಢಶಾಲೆಯಲ್ಲೇ ಓದಿದ. ಉಳಿದ ಮಕ್ಕಳ ಜೊತೆ ಕೂತ, ಕಬಡ್ಡಿಗೆ ಗೆರೆ ಹಾಕಿದ, ಗಂಟೆ ಹೊಡೆಯೋ ಕೆಲಸ ಎರಡು ವರ್ಷ ಅವನದೇ ಆಗಿತ್ತು. ಒಂದು ದಿನವೂ ತಪ್ಪು ಹೊತ್ತಿಗೆ ಹೊಡೆದಿಲ್ಲ ಅಂತ ಅವನ ಮೇಷ್ಟರೇ ಹೇಳ್ತಿದ್ದರು. ಹತ್ತನೇ ಕ್ಲಾಸಿನ ಬೀಳ್ಕೊಡುಗೆ ದಿನ ಎಲ್ಲರಿಗೂ ಒಂದೊಂದು ಪೆನ್ನು ಕೊಟ್ಟರು, ಫೋಟೋ ತೆಗೆದರು. ಇವನು ಮುಂದೆ ಏನು ಮಾಡ್ತಾನೆ ಅಂತ ಯಾರೂ ಕೇಳಲಿಲ್ಲ. ಶಾಲೆಯವರನ್ನ ದೂರೋದಕ್ಕೆ ಇದನ್ನ ಹೇಳ್ತಿಲ್ಲ, ಯಾಕಂದ್ರೆ ನಾವೂ ಕೇಳಲಿಲ್ಲ. ನಾನು ಆಗ ಬೆಂಗಳೂರಿನಲ್ಲಿದ್ದೆ, ಅದು ನನ್ನ ನೆವ. ಒಂಬತ್ತು ವರ್ಷ ಅವನು ಮನೇಲೇ ಕೂತ.

ಇದು ನಮ್ಮ ಒಂದು ಮನೆಯ ಕಥೆ ಅಷ್ಟೇ ಆಗಿದ್ದರೆ ಇಲ್ಲಿ ಮಾತಾಡೋ ಅಗತ್ಯ ಇರಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆ ಅಂತ ಇದೆಯಲ್ಲ, ಅದರ 76ನೇ ಸುತ್ತು 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆಯಿತು, ವಿಷಯವೇ ವಿಕಲಚೇತನರು. ಅದರ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ವಿಕಲಚೇತನರಲ್ಲಿ ಕೆಲಸ ಮಾಡ್ತಿರೋರು ಅಥವಾ ಕೆಲಸ ಹುಡುಕ್ತಿರೋರು ಶೇ 23.8 ಮಾತ್ರ. ಅದೇ ಹೊತ್ತಿನಲ್ಲಿ ಎಲ್ಲ ಜನರನ್ನೂ ಸೇರಿಸಿ ನೋಡಿದರೆ ಈ ಲೆಕ್ಕ ಸುಮಾರು ಅರ್ಧದಷ್ಟಿತ್ತು. ಇನ್ನೊಂದು ಅಂಕಿ ನೋಡಿ, ಮೊದಲ ಸಲ ಓದಿದಾಗ ನನಗೆ ಖುಷಿಯಾಗಿತ್ತು: ವಿಕಲಚೇತನರಲ್ಲಿ ನಿರುದ್ಯೋಗ ಶೇ 4.2. ಪರವಾಗಿಲ್ಲವಲ್ಲ, ಕಡಿಮೆನೇ ಇದೆ ಅನ್ನಿಸುತ್ತೆ. ಆದರೆ ನಿರುದ್ಯೋಗಿ ಅಂತ ಬರೆಸಿಕೊಳ್ಳೋಕೆ ನೀವು ಕೆಲಸ ಹುಡುಕ್ತಾ ಇರಬೇಕು. ನನ್ನ ತಮ್ಮ ಹುಡುಕ್ತಿರಲಿಲ್ಲ. ಹುಡುಕಬಹುದು ಅಂತಲೇ ಅವನಿಗೆ ಯಾರೂ ಹೇಳಿರಲಿಲ್ಲ. ಅಂಥವರು ಆ 4.2ರ ಒಳಗೆ ಬರೋದೇ ಇಲ್ಲ, ಲೆಕ್ಕದ ಹೊರಗೇ ಉಳೀತಾರೆ.

ಹುಡುಗಿಯರ ಸ್ಥಿತಿ ಇನ್ನೂ ಕಷ್ಟ. 2011ರ ಜನಗಣತಿಯಲ್ಲಿ ವಿಕಲಚೇತನ ಗಂಡಸರಲ್ಲಿ ಶೇ 47 ಮಂದಿ ದುಡಿಯುವವರು, ಹೆಂಗಸರಲ್ಲಿ ಶೇ 23. ಕಾರಣ ಹೇಳೋಕೆ ಸಮೀಕ್ಷೆ ಬೇಡ, ಸಂಜೆ ಏಳರ ಬಸ್ಸಿನಲ್ಲಿ ಒಬ್ಬ ಕಿವುಡ ಹುಡುಗಿಯನ್ನ ಒಬ್ಬಳೇ ಕಳಿಸೋಕೆ ಯಾವ ತಾಯಿಗೆ ಧೈರ್ಯ ಬರುತ್ತೆ?

ಈಗ, ಶಾಲೆ ಮುಗಿದ ಕೂಡಲೇ ಏನಾಗುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ. ಶಾಲೆಯಲ್ಲಿರೋವರೆಗೆ ಮಗುವಿನ ಹಿಂದೆ ಕಾನೂನು ನಿಂತಿರುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತೆ. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರಿದ್ದಾರೆ, ಶಾಲೆಗಳಿಗೆ ಬಂದು ಹೋಗ್ತಾರೆ, ಬರೋಕೆ ಆಗದ ಮಕ್ಕಳ ಮನೆಗೂ ಹೋಗ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಬರೆದುಕೊಡೋರು, ಹೆಚ್ಚುವರಿ ಸಮಯ, ಇವೆಲ್ಲ ಇವೆ. ಹೆಸರು ಒಂದು ಪಟ್ಟಿಯಲ್ಲಿರುತ್ತೆ, ಗೈರುಹಾಜರಾದರೆ ಯಾರೋ ಒಬ್ಬರು ಕೇಳ್ತಾರೆ.

ಹತ್ತನೇ ಕ್ಲಾಸ್ ಮುಗಿದು ಮುಂದೆ ಸೇರದಿದ್ದರೆ ಆ ಪಟ್ಟಿಯಿಂದ ಹೆಸರು ಹೋಗುತ್ತೆ. ಇಲ್ಲೇ ಇರೋದು ತೊಡಕು. ಶಾಲೆ ಶಿಕ್ಷಣ ಇಲಾಖೆಯದು. ಆಮೇಲಿನ ಸೌಲಭ್ಯಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಕೌಶಲ ತರಬೇತಿ ಇನ್ನೊಂದು ಇಲಾಖೆ. ಮಾಸಾಶನ ತಹಶೀಲ್ದಾರ್ ಕಚೇರಿ. ಒಂದು ಕಡೆಯ ಫೈಲು ಇನ್ನೊಂದು ಕಡೆಗೆ ತಾನಾಗಿ ನಡೆದು ಹೋಗೋದಿಲ್ಲ, ಮನೆಯವರೇ ಹೊತ್ತುಕೊಂಡು ಹೋಗಬೇಕು. ಎಲ್ಲಿಗೆ ಅಂತ ಗೊತ್ತಿದ್ದರೆ.

ಅಮೆರಿಕದ ಕಾನೂನಿನಲ್ಲಿ ಒಂದು ಸಣ್ಣ ಸಾಲಿದೆ. ವಿಶೇಷ ಅಗತ್ಯದ ಪ್ರತಿ ವಿದ್ಯಾರ್ಥಿಗೆ ಅಲ್ಲಿ ಒಂದು ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಲೇಬೇಕು, ಮತ್ತು ಆ ವಿದ್ಯಾರ್ಥಿಗೆ 16 ತುಂಬೋ ಹೊತ್ತಿಗೆ ಅದರಲ್ಲಿ ಶಾಲೆಯ ನಂತರ ಏನು ಅನ್ನೋದೂ ಸೇರಿರಬೇಕು. ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಆದರೆ ಪ್ರಶ್ನೆ ಕೇಳೋದು ಯಾರದೋ ಒಬ್ಬರ ಕರ್ತವ್ಯ. ನಮ್ಮಲ್ಲಿ ಆ ಪ್ರಶ್ನೆ ಯಾರ ಕರ್ತವ್ಯವೂ ಅಲ್ಲ, ಬೀಳ್ಕೊಡುಗೆ ದಿನದ ಪೆನ್ನಿನ ಜೊತೆ ಮುಗಿದುಹೋಗುತ್ತೆ.

ಸರಿ, ಪ್ರಶ್ನೆ ಕೇಳಿದೆವು ಅಂತಲೇ ಇಟ್ಟುಕೊಳ್ಳೋಣ. ಉತ್ತರ ಏನು? ಇಲ್ಲಿ ನಾನು ಒಂದು ಹಳೆ ಕಥೆ ಹೇಳಬೇಕು. 1970ರ ದಶಕದ ಆರಂಭ, ಅಮೆರಿಕದ ಇಲಿನಾಯ್. ಮಾರ್ಕ್ ಗೋಲ್ಡ್ ಅಂತ ಒಬ್ಬ ಸಂಶೋಧಕ. ಕೈಲಾಗದವರು ಅಂತ ಎಲ್ಲರೂ ಕೈಬಿಟ್ಟಿದ್ದ, ತೀವ್ರ ಬೌದ್ಧಿಕ ಅಸಾಮರ್ಥ್ಯ ಇದ್ದ ಯುವಕರ ಮುಂದೆ ಅವನು ಸೈಕಲ್ಲಿನ ಬ್ರೇಕ್ ತಂದಿಟ್ಟ. ಹದಿನೈದು ಬಿಡಿಭಾಗದ ಬ್ರೇಕ್, ನಾನೂ ನೀವೂ ನೋಡಿಕೊಂಡು ಜೋಡಿಸೋಕೆ ಹೋದರೂ ತಡಬಡಿಸುವಂಥದ್ದು. ಕೆಲಸವನ್ನ ಸಣ್ಣ ಸಣ್ಣ ಹೆಜ್ಜೆ ಮಾಡಿದ, ಭಾಗಗಳನ್ನ ಜೋಡಿಸೋ ಕ್ರಮದಲ್ಲೇ ಸಾಲಾಗಿಟ್ಟ, ಮಾತು ಕಡಿಮೆ ಮಾಡಿದ, ತಪ್ಪಾದರೆ ಬೇರೆ ಥರ ಮಾಡಿ ನೋಡು ಅಂದ. ಅವರು ಕಲಿತರು, ಜೋಡಿಸಿದರು. ಗೋಲ್ಡ್ ತೋರಿಸಿದ್ದು ಇಷ್ಟು: ಕಲಿಯದಿದ್ದರೆ ಮೊದಲು ನೋಡಬೇಕಾದ್ದು ಕಲಿಸಿದ ರೀತಿಯನ್ನ, ಕಲಿಯುವವನನ್ನಲ್ಲ.

ಇದರ ಬೆನ್ನಿಗೇ ಬಂದ ಇನ್ನೊಂದು ಯೋಚನೆ ನಮ್ಮ ಕಡೆಗೆ ಹೆಚ್ಚು ಬೇಕಾದದ್ದು. ನಾವು ಸಾಮಾನ್ಯವಾಗಿ ಮೊದಲು ತರಬೇತಿ, ಆಮೇಲೆ ಕೆಲಸ ಅಂತೀವಿ. ಮೇಣದಬತ್ತಿ ಮಾಡೋದು, ಪೇಪರ್ ಕವರ್ ಅಂಟಿಸೋದು, ಫಿನಾಯಿಲ್ ತುಂಬೋದು. ನನಗೆ ಆ ತರಬೇತಿಗಳ ಮೇಲೆ ಸಿಟ್ಟಿಲ್ಲ, ದೀಪಾವಳಿಗೆ ದೀಪ ಕೊಂಡವನೇ ನಾನೂ. ಆದರೆ ಬೌದ್ಧಿಕ ಅಸಾಮರ್ಥ್ಯ ಅಥವಾ ಆಟಿಸಂ ಇರೋ ಬಹಳ ಮಂದಿಗೆ ಒಂದು ಜಾಗದಲ್ಲಿ ಕಲಿತದ್ದನ್ನ ಇನ್ನೊಂದು ಜಾಗಕ್ಕೆ ತೆಗೆದುಕೊಂಡು ಹೋಗೋದೇ ಕಷ್ಟ. ತರಬೇತಿ ಕೇಂದ್ರದಲ್ಲಿ ಐದು ವರ್ಷ ಕವರ್ ಅಂಟಿಸಿದ ಹುಡುಗ ಅಂಗಡಿಗೆ ಬಂದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಈಗಿನ ಪದ್ಧತಿ ಅದನ್ನ ತಿರುಗಿಸಿದೆ: ಮೊದಲು ನಿಜವಾದ ಕೆಲಸದ ಜಾಗ, ಅಲ್ಲೇ ಕಲಿಕೆ. ಜೊತೆಗೆ ಒಬ್ಬರು ನಿಂತಿರ್ತಾರೆ, ಜಾಬ್ ಕೋಚ್ ಅಂತಾರೆ. ಮೊದಲ ವಾರ ಇಡೀ ದಿನ, ಆಮೇಲೆ ಅರ್ಧ ದಿನ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ಫೋನಿನಲ್ಲಿ ಮಾತ್ರ. 1996ರಲ್ಲಿ ಸಿನ್ಸಿನಾಟಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಶುರುವಾದ ಪ್ರಾಜೆಕ್ಟ್ ಸರ್ಚ್ ಇದನ್ನ ಶಾಲೆಗೇ ಜೋಡಿಸಿತು. ಶಾಲೆಯ ಕೊನೆಯ ವರ್ಷವನ್ನ ಮಕ್ಕಳು ಆಸ್ಪತ್ರೆಯಲ್ಲೇ ಕಳೀತಾರೆ. ಬೇರೆ ಬೇರೆ ವಿಭಾಗದಲ್ಲಿ ಸರದಿ ಪ್ರಕಾರ ಕೆಲಸ ಮಾಡಿ, ಯಾವುದು ಒಗ್ಗುತ್ತೆ ಅಂತ ಅವರೇ ಕಂಡುಕೊಳ್ತಾರೆ.

ನಮ್ಮ ರಾಜ್ಯದಲ್ಲಿ ಇದು ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ ಎಪಿಡಿ ಸಂಸ್ಥೆ 1959ರಿಂದ, ಎನೇಬಲ್ ಇಂಡಿಯಾ 1999ರಿಂದ ಕೆಲಸ ಮಾಡ್ತಿವೆ. ಮೈಸೂರಿನಲ್ಲಿ ವಿಕಲಚೇತನರಿಗಾಗಿಯೇ ಜೆಎಸ್‌ಎಸ್ ಪಾಲಿಟೆಕ್ನಿಕ್ 1991ರಿಂದ ಇದೆ. ನಮಗೆ ಇನ್ನೂ ಹತ್ತಿರದ ಉದಾಹರಣೆ ಹುಬ್ಬಳ್ಳಿ. ಈಗ ಸುಪ್ರೀಂ ಕೋರ್ಟಿನ ಆವರಣದಲ್ಲೂ ಮಳಿಗೆ ಇರೋ ಮಿಟ್ಟಿ ಕೆಫೆ ತನ್ನ ಮೊದಲ ಕೌಂಟರ್ ತೆರೆದದ್ದು 2017ರಲ್ಲಿ, ಹುಬ್ಬಳ್ಳಿಯಲ್ಲಿ. ಚಹಾ ಮಾಡೋರು, ಆರ್ಡರ್ ತಗೊಳ್ಳೋರು, ಬಿಲ್ ಮಾಡೋರು ವಿಕಲಚೇತನ ಯುವಜನರೇ. ಹುಬ್ಬಳ್ಳಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಎರಡು ತಾಸು. ಬೆಳಗಾವಿಯಿಂದ ಬೀಡಿಗೆ ಬರೋದಕ್ಕೆ ಈ ಯೋಚನೆಗೆ ಎಷ್ಟು ವರ್ಷ ಬೇಕೋ.

ಬೆಳಗಾವಿ ಊರಲ್ಲಿ ಶಾಲೆಗಳ ಇತಿಹಾಸ ಚೆನ್ನಾಗಿದೆ. ರಾಜ್ಯದಲ್ಲಿ ಸರ್ಕಾರವೇ ನಡೆಸೋ ಕಿವುಡ ಮಕ್ಕಳ ಶಾಲೆಗಳು ಬೆರಳೆಣಿಕೆಯಷ್ಟು, ಅದರಲ್ಲಿ ಒಂದು ಇಲ್ಲಿದೆ. ಮಾಹೇಶ್ವರಿ ಅಂಧರ ಶಾಲೆ ಇದೆ. ಸಮರ್ಥನಂ ಸಂಸ್ಥೆಯನ್ನ 1997ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಮಹಾಂತೇಶ ಕಿವಡಸಣ್ಣವರ ಇದೇ ಜಿಲ್ಲೆಯವರು, ಸ್ವತಃ ದೃಷ್ಟಿ ಇಲ್ಲದವರು. ಶಾಲೆಗಳಿವೆ, ಹಾಗಾದರೆ ಕೆಲಸ? ಅದೂ ಇದೆ, ಅದೇ ವಿಚಿತ್ರ.

ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುವಾಗ ಎಡಬಲ ನೋಡಿ. ದೇಸೂರು ದಾಟಿದರೆ ಮಚ್ಛೆ, ಆಮೇಲೆ ಪೀರನವಾಡಿ, ಆಮೇಲೆ ಉದ್ಯಮಬಾಗ. ಫೌಂಡ್ರಿ, ಮಷೀನ್ ಶಾಪ್, ಹೈಡ್ರಾಲಿಕ್ ಪಾರ್ಟ್ಸ್, ಒಂದರ ಪಕ್ಕ ಒಂದು. ಬೆಳಗಾವಿಯ ಹೊಟ್ಟೆಪಾಡಿನ ದೊಡ್ಡ ಪಾಲು ಈ ಒಂದೇ ರೋಡಿನ ಮೇಲಿದೆ, ಊರಲ್ಲಿ ಅದರ ಹೆಸರೂ ಖಾನಾಪುರ ರೋಡ್. ಖಾನಾಪುರದಲ್ಲೇ ನೋಡಿದರೆ ಅಲ್ಲಿನ ಮಣ್ಣಿಗೆ ಹೆಸರಿದೆ. ಹೆಂಚು, ಕುಂಬಾರಿಕೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರೋದು ಖಾನಾಪುರದಲ್ಲೇ. ಪಶ್ಚಿಮಕ್ಕೆ ಹೋದರೆ ಕಾಡು, ನರ್ಸರಿ, ಗೋಡಂಬಿ. ಕೈಕೆಲಸ, ಮತ್ತೆ ಮತ್ತೆ ಅದನ್ನೇ ಮಾಡೋ ಕೆಲಸ, ಗೊತ್ತಾದ ಕ್ರಮ ಇರೋ ಕೆಲಸ, ಇವೆಲ್ಲ ಈ ರೋಡಿನ ಮೇಲೆ ಬೇಕಾದಷ್ಟಿವೆ.

ಉದ್ಯಮಬಾಗದ ಒಂದು ಸಣ್ಣ ಮಷೀನ್ ಶಾಪಿನ ಮಾಲೀಕರ ಹತ್ತಿರ ಈ ಮಾತೆತ್ತಿದೆ. ಅವರು ಸುತ್ತುಬಳಸಲಿಲ್ಲ. "ಹುಡುಗ್ರು ಸಿಗವಲ್ರೀ ನಮಗ. ಬಂದವರು ಎರಡ ತಿಂಗಳಿಗೆ ಪುಣೆಗೆ ಹೋಗ್ತಾರ. ನಿಂತು ಕೆಲಸಾ ಮಾಡೂ ಹುಡುಗ ಬಂದ್ರ ಬ್ಯಾಡ ಅನ್ನಂಗಿಲ್ಲ. ಆದ್ರ ಏನರ ಆತಂದ್ರ ಯಾರ ಜವಾಬ್ದಾರಿರೀ?" ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಉಪದೇಶ ಕೊಟ್ಟರೆ ಅವರು ಚಹಾ ಕುಡಿಸಿ ಕಳಿಸ್ತಾರೆ ಅಷ್ಟೇ, ಉತ್ತರ ಕೊಡಬೇಕು.

ಉತ್ತರ ಹೀಗಿದೆ. ಇಎಸ್‌ಐ ಎಲ್ಲ ಕಾರ್ಮಿಕರಿಗೆ ಹೇಗೋ ಹಾಗೇ ವಿಕಲಚೇತನ ಕಾರ್ಮಿಕರಿಗೂ ಅನ್ವಯ. ಇನ್ನೂ ಸ್ವಲ್ಪ ಹೆಚ್ಚೇ: ಉಳಿದವರಿಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ವಿಕಲಚೇತನರಿಗೆ 25,000. ಕಿವುಡ ಕಾರ್ಮಿಕರ ಬಗ್ಗೆ ಇರೋ ಭಯ ಹಾರ್ನ್ ಕೇಳಿಸಲ್ಲ ಅನ್ನೋದು. ಹಾರ್ನಿನ ಜೊತೆ ಮಿನುಗೋ ದೀಪ ಹಾಕಿದರೆ ಆಯ್ತು, ಫೌಂಡ್ರಿಯ ಆ ಗದ್ದಲದಲ್ಲಿ ಕಿವಿ ಕೇಳೋರಿಗೂ ಹಾರ್ನ್ ಎಷ್ಟು ಕೇಳಿಸುತ್ತೆ ಹೇಳಿ? ಎಲ್ಲರಿಗೂ ಎಲ್ಲ ಕೆಲಸವೂ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಫಿಟ್ಸ್ ಬರೋ ಹುಡುಗನನ್ನ ಕುಲುಮೆ ಹತ್ತಿರ ನಿಲ್ಲಿಸಬಾರದು. ಆದರೆ ಅದೇ ಶಾಪಿನಲ್ಲಿ ತಯಾರಾದ ಪಾರ್ಟ್‌ಗೆ ಎಣ್ಣೆ ಸವರಿ, ಕಾಗದ ಸುತ್ತಿ, ಎಣಿಸಿ, ಡಬ್ಬಕ್ಕೆ ಹಾಕೋ ಕೆಲಸ ಇರುತ್ತಲ್ಲ. ಈಗ ಅದನ್ನ ಮಷೀನ್ ನಡೆಸೋ ನುರಿತ ಕಾರ್ಮಿಕನೇ ಮಷೀನ್ ನಿಲ್ಲಿಸಿ ಮಾಡ್ತಾನೆ. ಆ ಚೂರುಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಪೂರ್ತಿ ಕೆಲಸ ಆಗುತ್ತೆ. ಮಾಲೀಕರಿಗೂ ಲಾಭ, ಮಷೀನು ನಿಲ್ಲಲ್ಲ. ಆ ಮಾಲೀಕರು ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೂಣು" ಅಂದರು. ಬೆಳಗಾವಿಯಲ್ಲಿ "ನೋಡೂಣು" ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ.

ಕಾಯ್ದೆ ಖಾಸಗಿಯವರಿಗೆ ಮೀಸಲಾತಿ ಹೇರಿಲ್ಲ. ಆದರೆ 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆ ಸಮಾನ ಅವಕಾಶ ನೀತಿ ಅಂತ ಒಂದನ್ನ ಬರೆದು ಪ್ರಕಟಿಸಬೇಕು. ಯಾವ ಹುದ್ದೆ ವಿಕಲಚೇತನರಿಗೆ ಸರಿಹೊಂದುತ್ತೆ, ಹೇಗೆ ಆಯ್ಕೆ ಮಾಡ್ತೀವಿ, ಯಾರನ್ನ ಕೇಳಬೇಕು ಅಂತ ಅದರಲ್ಲಿರಬೇಕು. ಕೆಲಸ ಕೇಳೋಕೆ ಹೋದವರು ಈ ಕಾಗದ ಎಲ್ಲಿದೆ ಅಂತ ವಿನಯವಾಗಿ ಕೇಳಬಹುದು.

ಸರ್ಕಾರಿ ನೌಕರಿ ಬಗ್ಗೆ ಒಂದು ಮಾತು ಹೇಳದೆ ಹೋದರೆ ಕೇಳುಗರು ಬಿಡೋದಿಲ್ಲ. ಕೇಂದ್ರದ ಕಾಯ್ದೆಯಲ್ಲಿ ಶೇ 4 ಮೀಸಲಾತಿ ಇದೆ. ದೃಷ್ಟಿದೋಷಕ್ಕೆ 1, ಶ್ರವಣದೋಷಕ್ಕೆ 1, ಕೈಕಾಲಿನ ವೈಕಲ್ಯಕ್ಕೆ 1, ಉಳಿದ 1ರಲ್ಲಿ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯ ಎಲ್ಲ ಸೇರಿ. 2021ರ ಜನವರಿಯಲ್ಲಿ ಕೇಂದ್ರ ಪ್ರಕಟಿಸಿದ ಪಟ್ಟಿಯಲ್ಲಿ ವಿಕಲಚೇತನರಿಗೆ ಸೂಕ್ತ ಅಂತ ಗುರುತಿಸಿದ ಹುದ್ದೆಗಳು 3,566. ಇದು ದೊಡ್ಡ ಗೆಲುವೇ. ಆದರೆ ಈ ಮೀಸಲಾತಿಯ ಹೆಸರಲ್ಲಿ ಮನೆಗಳಲ್ಲಿ ಏನಾಗ್ತಿದೆ ಅನ್ನೋದನ್ನೂ ಹೇಳಬೇಕು. ಕಾಲಿನ ತೊಂದರೆ ಇರೋ, ಪಿಯುಸಿ ಮುಗಿಸಿದ ಹುಡುಗ 22ರಿಂದ 32ರವರೆಗೆ ಬರೀ ಅರ್ಜಿ ಹಾಕ್ತಾ ಕೂರ್ತಾನೆ. "ಸರ್ಟಿಫಿಕೇಟ್ ಐತಿ, ಇವತ್ತಲ್ಲ ನಾಳೆ ಆಗ್ತೈತಿ" ಅಂತಾರೆ ಮನೆಯವರು. ಆ ಹತ್ತು ವರ್ಷದಲ್ಲಿ ಅವನ ಬಯೊಡೇಟಾದಲ್ಲಿ ಒಂದು ಸಾಲೂ ಸೇರೋದಿಲ್ಲ. ಅರ್ಜಿ ಹಾಕಲಿ, ಹಾಕಲೇಬೇಕು, ಆದರೆ ಅಂಗಡಿಯಲ್ಲೋ ಸೈಬರ್ ಸೆಂಟರಿನಲ್ಲೋ ಕೂತು ಹಾಕಲಿ.

ಇನ್ನು ಕಾಗದಪತ್ರ. ಬೇಸರದ ವಿಷಯ, ಆದರೆ ಹುಡುಗರು ಬಹಳ ಸಲ ಮುಗ್ಗರಿಸೋದು ಇಲ್ಲೇ. 18 ತುಂಬೋದು ಒಂದು ಹೊಸ್ತಿಲು ಅಂತ ತಿಳ್ಕೊಳ್ಳಿ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಕಲಿಕಾ ನ್ಯೂನತೆ ಇರೋ ಮಕ್ಕಳಿಗೆ ಚಿಕ್ಕಂದಿನಲ್ಲಿ ಕೊಡೋ ಪ್ರಮಾಣಪತ್ರ ಸಾಮಾನ್ಯವಾಗಿ ತಾತ್ಕಾಲಿಕ. 18ಕ್ಕೆ ಮತ್ತೆ ತಪಾಸಣೆ ಆಗಿ ಕಾಯಂ ಆಗಬೇಕು. ಯುಡಿಐಡಿ ಕಾರ್ಡಿನ ಮೇಲೆ ಅವಧಿ ಬರೆದಿರುತ್ತೆ, ಈಗಲೇ ತೆಗೆದು ನೋಡಿ. ಕೆಲಸಕ್ಕೆ ಕರೆ ಬಂದ ದಿನ ಕಾರ್ಡ್ ಅವಧಿ ಮುಗಿದಿದೆ ಅಂತ ಗೊತ್ತಾಗೋದು ಬೇಡ.

ಎರಡನೇದು ಪೋಷಕತ್ವ. ನಾನೇ ತಾಯಿ, ನಾನೇ ಸಹಿ ಹಾಕ್ತೀನಿ ಅಂತ ಕಾಕು ಬ್ಯಾಂಕಿನಲ್ಲಿ ವಾದ ಮಾಡಿದ್ದರು. ಕಾನೂನಿನಲ್ಲಿ 18 ಆದ ಮೇಲೆ ತಾಯಿತಂದೆ ತಾವಾಗಿ ಪೋಷಕರಾಗಿ ಉಳಿಯೋದಿಲ್ಲ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ, ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲಾಧಿಕಾರಿ ಇರೋ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬಹುದು. ಆದರೆ ಅದಕ್ಕೂ ಮೊದಲು ಒಂದು ಕ್ಷಣ ಯೋಚನೆ ಮಾಡಿ, ನಿಜವಾಗಿ ಬೇಕಾ? 2016ರ ಕಾಯ್ದೆ ವಿಕಲಚೇತನರಿಗೆ ತಮ್ಮ ಹಣಕಾಸನ್ನ ತಾವೇ ನೋಡಿಕೊಳ್ಳೋ ಹಕ್ಕನ್ನ ಉಳಿದ ಎಲ್ಲರ ಸಮಾನವಾಗಿ ಕೊಟ್ಟಿದೆ. ಖಾತೆ ಅವನ ಹೆಸರಲ್ಲಿರಲಿ, ಪಗಾರ ಅವನ ಖಾತೆಗೇ ಬರಲಿ. ಜೊತೆಗಿದ್ದು ಸಹಾಯ ಮಾಡೋದು ಬೇರೆ, ಅವನ ಬದಲು ಸಹಿ ಹಾಕೋದು ಬೇರೆ.

ಮೂರನೇದು ಮಾಸಾಶನ. ರಾಜ್ಯದಲ್ಲಿ ವೈಕಲ್ಯದ ಪ್ರಮಾಣ ನೋಡಿ 800, 1,400 ಹೀಗೆ ತಿಂಗಳ ಮೊತ್ತ ಬರುತ್ತೆ. "ಕೆಲಸಕ್ಕ ಹಚ್ಚಿದರ ಪಗಾರ ಬರೂದು ನಿಂತ ಹೋಗ್ತದಂತ" ಅನ್ನೋ ಮಾತು ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಮಾಸಾಶನವನ್ನೇ ಅಲ್ಲಿ ಪಗಾರ ಅಂತಾರೆ, ಗಮನಿಸಿ. ಆದಾಯದ ಮಿತಿ ಇರೋದು ನಿಜ, ಹಾಗಾಗಿ ಆ ಭಯ ಪೂರಾ ಸುಳ್ಳಲ್ಲ. ತಿಂಗಳ ಖಚಿತ 800 ಬಿಟ್ಟು ನಾಳೆ ಇರುತ್ತೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕೆ ಹೋಗು ಅಂದರೆ ಬಡವರ ಮನೆಯಲ್ಲಿ ಹಿಂಜರಿಕೆ ಸಹಜ. ಇದನ್ನ ಅಜ್ಞಾನ ಅಂತ ಬೈಯೋರಿಗೆ 800 ರೂಪಾಯಿಯ ಬೆಲೆ ಗೊತ್ತಿರೋದಿಲ್ಲ.

ಕಿವುಡ ಯುವಜನರ ವಿಷಯದಲ್ಲಿ ಖಾನಾಪುರಕ್ಕೆ ಒಂದು ವಿಶೇಷ ತೊಡಕಿದೆ. ತಾಲ್ಲೂಕಿನ ದೊಡ್ಡ ಭಾಗದಲ್ಲಿ ಮನೆಮಾತು ಮರಾಠಿ. ಮನೆಯಲ್ಲಿ ತುಟಿ ಆಡೋದು ಮರಾಠಿಯಲ್ಲಿ, ಬೆಳಗಾವಿಯ ಶಾಲೆಗೆ ಬಂದರೆ ಬೋರ್ಡಿನ ಮೇಲೆ ಕನ್ನಡ, ಗೆಳೆಯರ ಜೊತೆ ಸನ್ನೆ. ಆ ಸನ್ನೆಯೇ ಅವರ ನಿಜವಾದ ಮಾತೃಭಾಷೆ ಆಗುತ್ತೆ, ಆದರೆ ಅದು ಮನೆಯಲ್ಲಿ ಯಾರಿಗೂ ಬರಲ್ಲ, ಕೆಲಸದ ಜಾಗದಲ್ಲೂ ಬರಲ್ಲ. ಶಾಲೆ ಬಿಟ್ಟ ದಿನವೇ ಅವರ ಮಾತಿನ ಲೋಕ ಮುಚ್ಚಿಹೋಗುತ್ತೆ. ಅದಕ್ಕೇ ಕೆಲಸ ಮಾಡೋ ಜಾಗದಲ್ಲಿ ಒಬ್ಬರ ಬದಲು ಇಬ್ಬರು ಕಿವುಡರನ್ನ ಒಟ್ಟಿಗೆ ತೆಗೆದುಕೊಳ್ಳಿ ಅಂತ ನಾನು ಮಾಲೀಕರಿಗೆ ಹೇಳೋದು. ಒಬ್ಬನೇ ಇದ್ದರೆ ಬೇಗ ಬಿಟ್ಟು ಹೋಗ್ತಾನೆ. ಕೆಲಸ ಬಾರದ್ದಕ್ಕಲ್ಲ, ಊಟದ ಹೊತ್ತಿನಲ್ಲಿ ಮಾತಾಡೋರಿಲ್ಲ ಅಂತ.

ಹಾಗಾದರೆ ಯಾರನ್ನ ಹಿಡೀಬೇಕು? ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು. ಇವರು ಬಹುತೇಕ ಸ್ವತಃ ವಿಕಲಚೇತನರೇ, ಸಣ್ಣ ಗೌರವಧನದಲ್ಲಿ ದೊಡ್ಡ ಕೆಲಸ ಮಾಡೋರು. ಬಸ್ ಪಾಸ್ ಅವರ ಮೂಲಕ ಬೇಗ ಆಗುತ್ತೆ: ವರ್ಷಕ್ಕೆ 660 ರೂಪಾಯಿ, ವಾಸದ ಊರಿನಿಂದ 100 ಕಿ.ಮೀ. ವರೆಗೆ. ಬೀಡಿಯಿಂದ ಉದ್ಯಮಬಾಗ ಆ ಮಿತಿಯೊಳಗೆ ಆರಾಮಾಗಿ ಬರುತ್ತೆ. ಸ್ವಂತ ಅಂಗಡಿ ಹಾಕೋರಿಗೆ ಇಲಾಖೆಯ ಆಧಾರ ಯೋಜನೆ ಇದೆ. ಆದರೆ ಜಾಬ್ ಕೋಚ್ ಕೆಲಸ? ಆ ಹುದ್ದೆ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನ ಮಾಡಬೇಕಾದವರು ನಮ್ಮಂಥವರೇ ಆಗ್ತೀವಿ.

ನಾವು ಮಾಡಿದ್ದು ಹೇಳಿ ಮುಗಿಸ್ತೀನಿ. ಖಾನಾಪುರ ಹತ್ತಿರ ಒಂದು ಸಸಿ ನರ್ಸರಿ, ಮಾಲೀಕರು ಕಾಕಾಗೆ ಪರಿಚಯ. ವಾರಕ್ಕೆ ಮೂರು ದಿನ, ಅರ್ಧ ದಿನ. ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬೋದು, ನೀರು ಹಾಕೋದು. ಮೊದಲ ವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ನಾನು ಒಳ್ಳೆ ಕೋಚ್ ಅಲ್ಲ, ಬಹಳ ಮಾತಾಡ್ತೀನಿ. ಅವನು ಒಂದೇ ಸಾಲಿಗೆ ಮೂರು ಸಲ ನೀರು ಹಾಕಿದ, ಸಸಿ ಕೊಳೆತವು. ನಾನು ಇನ್ನಷ್ಟು ಹೇಳಿದೆ, ಅವನು ಇನ್ನಷ್ಟು ಗಾಬರಿಯಾದ. ಪರಿಹಾರ ಕಂಡುಹಿಡಿದದ್ದು ಅಲ್ಲಿ ಕೆಲಸ ಮಾಡೋ ಒಬ್ಬ ಅಜ್ಜಿ. ಹಳೆ ಕೆಂಪು ಸೀರೆ ಹರಿದು ಪಟ್ಟಿ ಮಾಡಿ, ನೀರು ಹಾಕಿದ ಸಾಲಿನ ತುದಿಗೆ ಒಂದೊಂದು ಕಟ್ಟು ಅಂದರು. ಆಮೇಲೆ ತಪ್ಪಾಗಿಲ್ಲ. ಮಾರ್ಕ್ ಗೋಲ್ಡ್ ಹೆಸರು ಆ ಅಜ್ಜಿ ಕೇಳಿಲ್ಲ.

ಒಂದು ದಿನ ವಾಪಸ್ ಬರುವಾಗ ನಿದ್ದೆ ಹೋಗಿ ಅಳ್ನಾವರದಲ್ಲಿ ಇಳಿದ. ಕಂಡಕ್ಟರ್ ಚೀಟಿ ನೋಡಿ ಫೋನ್ ಮಾಡಿದರು, ಕಾಕು ಆ ದಿನವೇ ಸಾಕು ಅಂದುಬಿಟ್ಟರು. ಮಾರನೇ ದಿನ ಅವನೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದ. ಈಗ ಮೂರು ತಿಂಗಳಾಯ್ತು. ಅರ್ಧ ದಿನದ ಕೂಲಿ ಅವನ ಖಾತೆಗೆ ಬರುತ್ತೆ. ಪೂರ್ತಿ ದಿನ ಆದಾಗ ಉಳಿದವರಿಗೆ ಕೊಡುವಷ್ಟೇ ಕೊಡಬೇಕು ಅಂತ ಮಾತಾಗಿದೆ. ಮಳೆಗಾಲದಲ್ಲಿ ನರ್ಸರಿ ಕೆಲಸ ಹೇಗಿರುತ್ತೋ, ಬಸ್ಸು ಬರುತ್ತೋ ಇಲ್ಲವೋ, ನೋಡಬೇಕು. ಕಾರ್ಡಿನ ಅವಧಿಯೂ ಮುಗಿದಿತ್ತು, ಬೆಳಗಾವಿಯಲ್ಲಿ ತಪಾಸಣೆಗೆ ದಿನ ಕೊಟ್ಟಿದ್ದಾರೆ.

ಮೊನ್ನೆ ಕಾಕು ಮತ್ತೆ ಫೋನ್ ಮಾಡಿದ್ದರು, ದೂರು ಹೇಳೋಕೆ. "ಕೆಲಸದ ದಿನಾ ನಸಿಕ್ಲೆ ನಾಕಕ್ಕ ಎದ್ದು ಲೈಟ್ ಹಾಕ್ತಾನ. ಬಸ್ಸ ಇರೂದು ಎಂಟಕ್ಕ. ಮನ್ಯಾಗ ಒಬ್ಬರಿಗೂ ನಿದ್ದಿ ಇಲ್ಲ ತಮ್ಮಾ, ನೀನರ ಸ್ವಲ್ಪ ಹೇಳಪಾ ಅವಗ."